ಭಾನುವಾರ ಕಸಿದುಕೊಂಡ ವಾರಗಿತ್ತಿ

ನನ್ನ ವಾರಗಿತ್ತಿಯನ್ನು ಕಂಡರೆ ಮರಗಳಿಗೂ ಭಯ ಎಂದರೆ ನೀವು ನಗುತ್ತೀರಿ. ನಗಿ, ಧಾರಾಳವಾಗಿ ನಗಿ! ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವಳು ನಾನು. ನನ್ನನ್ನು ಕಂಡು ಇದುವರೆಗೆ ಒಂದು ತುಳಸಿ ಗಿಡವೂ ಅಲ್ಲಾಡಿಲ್ಲ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಅವಳು ಗದರಿದರೆ ಹಲಸಿನ ಮರ ಕಾಯಿ ಬಿಡುತ್ತದೆ! ಓದುವಾಗ ನಿಮಗೆ ಎಲ್ಲೋ ಏನೋ ಸುಟ್ಟ ವಾಸನೆ ಬಂದರೆ ಒಲೆ ನೋಡಲು ಏಳಬೇಡಿ. ಉರಿಯುತ್ತಿರುವುದು ನನ್ನ ಹೊಟ್ಟೆ.

ವಾರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕರೆಯುವುದು ಅಕ್ಕ ಎಂದು. ಹನಕೆರೆಯ ಆ ಮನೆಗೆ ಅವಳು ಹಿರೀಸೊಸೆಯಾಗಿ ಬಂದ ನಾಲ್ಕು ವರ್ಷಕ್ಕೆ ನಾನು ಕಿರೀಸೊಸೆಯಾಗಿ ಬಂದೆ. ಅಷ್ಟರಲ್ಲಿ ಆ ಮನೆಯಲ್ಲಿ ಗೆಲ್ಲಬಹುದಾದದ್ದನ್ನೆಲ್ಲ ಅವಳು ಗೆದ್ದು ಮುಗಿಸಿದ್ದಳು. ಅತ್ತೆಗೆ ಅವಳ ಕೈಯ ಬಸ್ಸಾರೇ ಆಗಬೇಕು. ಮಾವನವರು ನಾನು ಮಾಡಿದ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಬೆಳಕಿಗೆ ಹಿಡಿದು, "ಇದು ಉಣ್ಣಕ್ಕಾ, ಕೈ ತೊಳ್ಯಕ್ಕಾ ಮಗಳೇ?" ಎಂದು ಬಹಳ ವಾತ್ಸಲ್ಯದಿಂದ ಕೇಳುತ್ತಿದ್ದರು. ಕೊಟ್ಟಿಗೆಯ ಎಮ್ಮೆ ಕೂಡ ಅವಳು ಕೂತರೆ ಹಾಲು ಇಳಿಸುತ್ತಿತ್ತು, ನಾನು ಕೂತರೆ ಕಾಲು ಎತ್ತುತ್ತಿತ್ತು. ಹೋಗಲಿ, ಎಮ್ಮೆಗೇನು ಗೊತ್ತು ಎಂ.ಎಸ್ಸಿ. ಬೆಲೆ ಎಂದು ಸಮಾಧಾನ ಮಾಡಿಕೊಂಡೆ. ಅಡುಗೆ ಅವಳದು, ಎಮ್ಮೆ ಅವಳದು, ಅತ್ತೆ ಮಾವ ಅವಳವರು. ಸಸ್ಯಶಾಸ್ತ್ರ ಮಾತ್ರ ನನ್ನದು. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ!

ಎಷ್ಟೋ ವರ್ಷ ಹನಕೆರೆಯಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬಂದೆ, ಆಮೇಲೆ ನಾವು ಮಂಡ್ಯದಲ್ಲಿ ಮನೆ ಮಾಡಿದೆವು. ನಾನು ನಿವೃತ್ತಳಾದೆ. ಭಾರತೀನಗರ ದಾಟಿ ಮಳವಳ್ಳಿ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಸಾರ್ವಜನಿಕ ಸಸ್ಯೋದ್ಯಾನವಿದೆ. ಹೂದೋಟ ಒಂದಿಷ್ಟು, ಅದರ ಹಿಂದೆ ದೇಶವಿದೇಶಗಳ ಮರ ಬೆಳೆಸಿದ ವೃಕ್ಷವನ. ಅಲ್ಲಿಗೆ ನಾನು ಸ್ವಯಂಸೇವಕಿಯಾಗಿ ಸೇರಿಕೊಂಡೆ. ಕುತ್ತಿಗೆಗೆ ನೇತುಹಾಕಲು ಫೋಟೋ ಇರುವ ಚೀಟಿ ಕೊಟ್ಟರು. ಗೇಟಿನ ಪಕ್ಕ 'ಈ ವಾರ ನಮ್ಮ ತೋಟದಲ್ಲಿ' ಎಂಬ ಕರಿಹಲಗೆ. ಯಾವುದು ಹೂಬಿಟ್ಟಿದೆ, ಯಾವುದು ಎಲೆ ಉದುರಿಸುತ್ತಿದೆ, ಯಾವುದು ಚಿಗುರಿದೆ ಎಂದು ಪ್ರತಿ ಶನಿವಾರ ಅದರ ಮೇಲೆ ಬರೆಯುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಏಳೂವರೆಗೆ ಬಂದವರನ್ನೆಲ್ಲ ಕರೆದುಕೊಂಡು ಮರಗಳ ನಡುವೆ ಸುತ್ತಾಡಿಸಿ ವಿವರಿಸುವುದೂ ನನ್ನ ಕೆಲಸ. ಅದಕ್ಕೆ 'ಭಾನುವಾರದ ನಡಿಗೆ' ಎಂದು ಹೆಸರು. ವಾರದ ಆರು ದಿನ ನಾನು ಬದುಕುತ್ತಿದ್ದದ್ದು ಆ ಒಂದು ದಿನಕ್ಕಾಗಿ.

ಇಷ್ಟು ಸುಖವಾಗಿದ್ದವಳು ಸುಮ್ಮನಿರಬೇಕೋ ಬೇಡವೋ? ಹೋದ ವರ್ಷ ಜನವರಿಯಲ್ಲಿ ನಾನೇ ಅಕ್ಕನಿಗೆ ಫೋನು ಮಾಡಿ, "ಒಂದು ಭಾನುವಾರ ನಮ್ಮ ತೋಟಕ್ಕೆ ಬಾ ಅಕ್ಕ" ಎಂದೆ. ಸುಳ್ಳು ಹೇಳುವುದಿಲ್ಲ, ಅವಳಿಗೆ ತೋಟ ತೋರಿಸುವ ಆಸೆಗಿಂತ ತೋಟದಲ್ಲಿ ನನ್ನನ್ನು ತೋರಿಸುವ ಆಸೆಯೇ ಹೆಚ್ಚಾಗಿತ್ತು. ಅವಳು ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಅದು ತಬೆಬೂಯಾ ಹೂಬಿಡುವ ಕಾಲ. ಎಲೆಯೆಲ್ಲ ಉದುರಿಸಿ ಅಡಿಯಿಂದ ಮುಡಿವರೆಗೆ ಗುಲಾಬಿ ಬಣ್ಣದಲ್ಲಿ ನಿಂತಿದ್ದ ಮರದ ಮುಂದೆ ನಲವತ್ತು ಜನ ಸೇರಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ತಬೆಬೂಯಾ ರೋಸಿಯಾ. ಕುಟುಂಬ ಬಿಗ್ನೋನಿಯೇಸಿ. ಮೂಲ ಮಧ್ಯ ಅಮೆರಿಕ. ಇದರ ಎಲೆ ಅಂಗೈಯಾಕಾರದ ಸಂಯುಕ್ತ ಪರ್ಣ..." ಮರದಲ್ಲಿ ಒಂದೂ ಎಲೆಯಿಲ್ಲದ್ದರಿಂದ ಜನ ಸ್ವಲ್ಪ ಗಲಿಬಿಲಿಗೊಂಡರು. ನಾನು ಕಣ್ಣುಮುಚ್ಚಿ ಪರಾಗಸ್ಪರ್ಶದ ಕಡೆಗೆ ಸಾಗಿದೆ.

ಅಕ್ಕ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಏನು ಹೇಳ್ತಿದಾರೆ ಅವರು?" ಎಂದು ಅವಳನ್ನು ಕೇಳಿದರಂತೆ.

"ಪರದೇಸದಿಂದ ತಂದ ಸೊಸೆ ಕಣವ್ವ ಇದು," ಎಂದಳು ಅಕ್ಕ. ಅವಳ ಮೆಲುದನಿ ಹೊಲದ ಆ ಬದುವಿನಿಂದ ಈ ಬದುವಿಗೆ ಕೇಳುವಂಥದ್ದು. "ವರ್ಸಕ್ಕೊಂದ್ಸಲ ಸಿಂಗಾರ ಮಾಡ್ಕಂಡು ನಿಂತ್ಕತಾಳೆ, ಒಂದತ್ತು ದಿನ ಅಷ್ಟೇಯ. ಆಮ್ಯಾಲೆ ಅಣ್ಣೂ ಇಲ್ಲ, ಕಾಯೂ ಇಲ್ಲ. ಆದ್ರೂ ನೋಡು, ಊರೋರೆಲ್ಲಾ ಇವಳ ಮುಂದ್ಲೇ ಫೋಟೋ ಇಡ್ಸ್ಕಳದು. ಅಗೋ ಅಲ್ಲಿ ಒಂಗೆ ಮರ ನಿಂತದೆ. ವರ್ಸೆಲ್ಲಾ ನೆಳ್ಳು ಕೊಡ್ತದೆ. ಯಾರಾನ ತಿರುಗಿ ನೋಡುದ್ರಾ? ಮನೇಲಿರೋ ಇರೀಸೊಸೆ ಬಾಳು ಅಂಗೇಯ!"

ಜನ ಗೊಳ್ಳೆಂದು ನಕ್ಕರು. ನಾನು ಕಣ್ಣುಬಿಟ್ಟೆ. ಮೂವತ್ತೊಂಬತ್ತು ಜನ ಅಕ್ಕನ ಸುತ್ತ ಕೂತಿದ್ದರು. ನನ್ನ ಮುಂದೆ ಉಳಿದವನು ತೋಟದ ಕಾವಲುಗಾರನೊಬ್ಬನೇ. ಅವನಾದರೂ ಉಳಿದನಲ್ಲ ಎಂದು ಕೃತಜ್ಞತೆಯಿಂದ ನೋಡಿದೆ. ಕೋಲಿಗೆ ಗಲ್ಲ ಊರಿ ನಿದ್ದೆ ಮಾಡುತ್ತಿದ್ದ.

ಸರಿ, ಒಂದು ದಿನದ ಮಾತು, ಮರೆಯೋಣ ಎಂದುಕೊಂಡರೆ ಅವಳು ಮುಂದಿನ ಭಾನುವಾರವೂ ಬಂದಳು. ಅದರ ಮುಂದಿನ ಭಾನುವಾರವೂ ಬಂದಳು! ಹನಕೆರೆಯಿಂದ ಮದ್ದೂರಿಗೆ ಒಂದು ಬಸ್ಸು, ಮದ್ದೂರಿನಿಂದ ತೋಟಕ್ಕೆ ಇನ್ನೊಂದು ಬಸ್ಸು. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ತಡೆಯುವವರು ಯಾರು?

ಶಿವರಾತ್ರಿ ಹತ್ತಿರ ಬಂತು. ಮುತ್ತುಗದ ಮರ ಹೂಬಿಡುವ ಕಾಲ. ಸಾಮಾನ್ಯ ಮುತ್ತುಗದ ಹೂವು ಕೆಂಡದ ಬಣ್ಣ ಎಂದು ನಿಮಗೆ ಗೊತ್ತು. ಲಕ್ಷಕ್ಕೊಂದರಂತೆ ಎಲ್ಲೋ ಹಳದಿ ಹೂವಿನದು ಸಿಗುತ್ತದೆ. ನಮ್ಮ ತೋಟದಲ್ಲಿ 'ಹಳದಿ ಮುತ್ತುಗ' ಎಂಬ ಚೀಟಿ ಕಟ್ಟಿಕೊಂಡು ಬಂದಿದ್ದ ಒಂದು ಸಸಿ ಹತ್ತಾರು ವರ್ಷ ಬೆಳೆದು, ಆ ವರ್ಷ ಮೊದಲ ಸಲ ಮೊಗ್ಗು ಹಿಡಿದಿತ್ತು. ನನ್ನ ಸಂಭ್ರಮ ಕೇಳಬೇಡಿ! ಕರಿಹಲಗೆಯ ಮೇಲೆ ಹಳದಿ ಸೀಮೆಸುಣ್ಣದಲ್ಲೇ 'ಅಪರೂಪದ ಹಳದಿ ಮುತ್ತುಗದ ಪ್ರಥಮ ದರ್ಶನ, ಭಾನುವಾರ, ತಪ್ಪದೇ ಬನ್ನಿ' ಎಂದು ಬರೆದೆ. ತೋಟದ ಮೇಲ್ವಿಚಾರಕಿ, ಒಳ್ಳೆಯ ಹುಡುಗಿ ಪಾಪ, ಎರಡು ಕಾಲೇಜಿನವರಿಗೆ ಹೇಳಿಕಳಿಸಿದಳು.

ಶನಿವಾರ ಅಕ್ಕ ಮಂಡ್ಯದ ನಮ್ಮ ಮನೆಗೆ ಸೊಪ್ಪು ಕೊಡಲು ಬಂದವಳು ನನ್ನ ಜೊತೆ ತೋಟಕ್ಕೂ ಬಂದು ಹಲಗೆ ನೋಡಿದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮರದ ಕಡೆ ಹೋಗಿ ಒಂದು ಸುತ್ತು ಹಾಕಿ ಬಂದು, "ಅರಿಸಿನ ಅಲ್ಲ ಕಣಮ್ಮಿ. ಕೆಂಪು," ಎಂದಳು.

"ಅಕ್ಕ, ಇದು ದಾಖಲೆಯಲ್ಲಿದೆ."

"ದಾಖಲೆ ಊ ಬುಡ್ತದಾ?"

ನಾಲ್ಕನೇ ಕ್ಲಾಸಿನವಳ ಜೊತೆ ವಾದವೇನು? ಮಾರನೆಯ ದಿನ ನೂರಕ್ಕೂ ಹೆಚ್ಚು ಜನರ ಸಮ್ಮುಖದಲ್ಲಿ ಆ ಮರ, ತಪಸ್ಸು ಮಾಡಿ ವರ ಪಡೆದು ಬಂದಂತೆ, ಅಪ್ಪಟ ಕೆಂಡದ ಬಣ್ಣದ ಹೂಗಳನ್ನು ಅರಳಿಸಿಕೊಂಡು ನಿಂತಿತ್ತು. ಯಾರೋ ಒಬ್ಬ ಪುಣ್ಯಾತ್ಮರು ನನ್ನ ಮೇಲಿನ ಕರುಣೆಯಿಂದ, "ಮೇಡಂ, ಇದು ಸ್ವಲ್ಪ ಗಾಢವಾದ ಹಳದಿ ಇರಬಹುದಾ?" ಎಂದು ಕೇಳಿದರು.

ಎಲ್ಲ ಹೋದ ಮೇಲೆ ಅಕ್ಕನನ್ನು ಮೂಲೆಗೆ ಕರೆದು ಕೇಳಿದೆ. "ನಿನಗೆ ಹೇಗೆ ಗೊತ್ತಾಯಿತು? ಎಲೆ ನೋಡಿದೆಯಾ? ತೊಗಟೆಯಲ್ಲಿ ಏನಾದರೂ ಗುರುತಿತ್ತಾ?"

"ಮೊಗ್ಗ ಸುಲ್ದು ನೋಡ್ದೆ."

ಮೂರು ಪುಸ್ತಕ ತಿರುವಿಹಾಕಿದ್ದೆ. ಇದು ಹೊಳೆದಿರಲಿಲ್ಲ! "ಅಕ್ಕ! ಹೂ ಕೀಳಬಾರದು ಅಂತ ಅಷ್ಟು ದೊಡ್ಡ ಬೋರ್ಡಿದೆ!"

"ಊವ ಕೀಳಬ್ಯಾಡಿ ಅಂತ ಬರ್ದವ್ರೆ. ಓದಿವ್ನಿ. ಮೊಗ್ಗು ಅಂತ ಎಲ್ ಬರ್ದವ್ರೆ?"

ಆ ಬೋರ್ಡನ್ನು ಬರೆದವಳೂ ನಾನೇ ಎಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಆದರೂ ಹೇಳಿದ್ದೇನೆ.

ಇನ್ನು ಹಲಸಿನ ಮರದ ಸಂಗತಿ. ಕೊಳದ ಪಕ್ಕದಲ್ಲಿ ಒಂದು ಹಲಸು ಹನ್ನೆರಡು ವರ್ಷದಿಂದ ಸೊಪ್ಪು ಮಾತ್ರ ತುಂಬಿಕೊಂಡು ದೊಡ್ಡ ಮನೆತನದ ಅಳಿಯನಂತೆ ನಿಂತಿತ್ತು. ಮೇ ತಿಂಗಳು ಬಂದರೆ ಪಕ್ಕದ ಮರಗಳಲ್ಲೆಲ್ಲ ಹಣ್ಣಿನ ಘಮಲು, ಇದರಲ್ಲಿ ಒಂದು ಪೀಚೂ ಇಲ್ಲ. ನಾನು ಬುಡಕ್ಕೆ ಏನೇನು ಹಾಕಿಸಲಿಲ್ಲ! ಮಣ್ಣು ಪರೀಕ್ಷೆ ಮಾಡಿಸಿದೆ, ರೆಂಬೆ ಕತ್ತರಿಸಿದೆ. ಮರಕ್ಕೆ ಹೊಸ ಸೊಪ್ಪು ಬಂತು, ಅಷ್ಟೇ.

ಮೇ ತಿಂಗಳ ಒಂದು ಶನಿವಾರ ನಾನು ಗೇಟಿನ ಬಳಿ ಹಲಗೆ ಬರೆಯುತ್ತಿದ್ದೆ. ಅಕ್ಕ ಒಳಗೆ ಹೋಗಿದ್ದಳು. ಕಾವಲುಗಾರ ಕೋಲು ಬಿಸಾಕಿ ಓಡಿಬಂದ. "ಮೇಡಮ್ಮೋರೆ, ಬನ್ರೀ! ನಿಮ್ಮಕ್ಕಾರು ಮಚ್ಚು ತಂದವ್ರೆ!"

ಓಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಚ್ಚು ಎತ್ತಿ ಹಿಡಿದು, ಅಕ್ಕ ಹಲಸಿನ ಮರದ ಮುಂದೆ ನಿಂತಿದ್ದಳು. "ಏನ್ಲಾ! ಅನ್ನೆರಡು ವರ್ಸದಿಂದ ಸರ್ಕಾರದ್ ನೀರು ಕುಡ್ಕಂಡು ಬಿದ್ದಿದ್ದೀಯಲ್ಲಾ, ನಾಚ್ಕೆ ಆಗಲ್ವಾ? ಕಾಯಿ ಬುಡ್ತೀಯೋ, ಬುಡಕ್ಕೇ ಆಕ್ಲೋ?"

ಮೇಲ್ವಿಚಾರಕಿಯೂ ಓಡಿಬಂದಳು. ಸುತ್ತ ಜನ ಸೇರಿದರು. "ಅಮ್ಮಾ, ಮಚ್ಚು ಕೆಳಗಿಡಿ!" ಎಂದು ಆ ಹುಡುಗಿ ಬೇಡಿಕೊಂಡಳು.

"ಕಡ್ಯಕ್ಕಲ್ಲ ಕಣವ್ವ, ಎದ್ರುಸಕ್ಕೆ!" ಎಂದಳು ಅಕ್ಕ. "ನಮ್ ಕಡೆ ಇಂಗೇ ಮಾಡದು. ಒಬ್ರು ಕಡೀತೀನಿ ಅನ್ಬೇಕು, ಇನ್ನೊಬ್ರು ಅಡ್ಡ ಬಂದು ಬುಡ್ಸ್ಕಬೇಕು. ಮರ ಕೇಳುಸ್ಕಂಡು ಬುದ್ಧಿ ಕಲೀತದೆ." ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಿ ನೋಡ್ತಾ ನಿಂತಿದ್ದೀ? ಅಡ್ಡ ಬಾ! ಬುಡ್ಸ್ಕ!"

ಏನು ಮಾಡಲಿ? ಮಚ್ಚು ಇಳಿಯಬೇಕಾದರೆ ನಾನು ಅಡ್ಡ ಬರಲೇಬೇಕಿತ್ತು. ಕುತ್ತಿಗೆಯಲ್ಲಿ ಫೋಟೋ ಚೀಟಿ ನೇತಾಡುತ್ತಿರುವಂತೆಯೇ ಮರಕ್ಕೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತು, "ಬೇಡ ಅಕ್ಕ, ಈ ಸಲ ಬಿಟ್ಟುಬಿಡು. ಮುಂದಿನ ವರ್ಷ ಕಾಯಿ ಬಿಡುತ್ತದೆ," ಎಂದೆ.

"ಗಟ್ಟಿಯಾಗಿ ಏಳು. ಮರಕ್ಕೆ ಕೇಳ್ಬೇಕು."

"ಮುಂದಿನ ವರ್ಷ ಕಾಯಿ ಬಿಡುತ್ತದೆ!"

"ಬುಡ್ನಿಲ್ಲ ಅಂದ್ರೆ? ಜವಾಬ್ದಾರಿ ಯಾರು?"

"ನಾನೇ ಜವಾಬ್ದಾರಿ!"

ಸುತ್ತ ನಿಂತವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಅವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. "ಮೇಡಂ," ಎಂದಳು ಭಕ್ತಿಯಿಂದ, "ನಮಗೆ ಇದು ಸಿಲಬಸ್ಸಿನಲ್ಲಿ ಇರಲೇ ಇಲ್ಲ!"

ಮಳೆಗಾಲ ಬಂತು. ತೋಟದಲ್ಲಿ ಸಸಿ ಹಂಚುವ ಕಾರ್ಯಕ್ರಮ. ನಾನು ಪ್ರತಿ ಸಸಿಯ ಜೊತೆ ಅಂತರ, ಆಳ, ಗೊಬ್ಬರ ಎಲ್ಲ ಅಚ್ಚುಹಾಕಿಸಿದ ಕಾಗದ ಕೊಟ್ಟೆ. ಅಕ್ಕ ಪಕ್ಕದಲ್ಲಿ ಕೂತು ಒಬ್ಬೊಬ್ಬರಿಗೂ, "ನಿಮ್ಮನೇಲಿ ಪಾತ್ರೆ ತೊಳ್ದಿದ್ ನೀರು ಎಲ್ಗೋಯ್ತದೆ? ಅಲ್ಲಿ ನೆಡು, ಓಗು," ಎಂದು ಹೇಳಿಕಳಿಸಿದಳು. ನನ್ನ ಕಾಗದದಲ್ಲಿ ಕಡಲೆಪುರಿ ಕಟ್ಟಿಕೊಂಡು ತಿನ್ನುತ್ತಿದ್ದವರನ್ನು ಕಣ್ಣಾರೆ ಕಂಡೆ. ದೀಪಾವಳಿಯ ಹೊತ್ತಿಗೆ ಆಕಾಶಮಲ್ಲಿಗೆ ಉದುರತೊಡಗಿತು. ನಾನು ಹೂವಿನ ಕೊಳವೆ ಅಳೆಯುತ್ತಿದ್ದರೆ ಅಕ್ಕ ಅದೇ ಕೊಳವೆಗಳನ್ನು ಒಂದರೊಳಗೊಂದು ಸಿಕ್ಕಿಸಿ, ದಾರವಿಲ್ಲದೆ ಜಡೆ ಹೆಣೆದು, ಬಂದ ಹೆಂಗಸರಿಗೆಲ್ಲ ಮುಡಿಸಿದಳು. ಮೇಲ್ವಿಚಾರಕಿಗೂ ಮುಡಿಸಿದಳು. ನನಗೂ ಮುಡಿಸಲು ಬಂದಳು. "ನನಗೆ ಅಲರ್ಜಿ," ಎಂದೆ. ಇರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಅತ್ತಿಗೆ ಈ ಮನೆಗೆ ಬಂದಾಗಿನಿಂದಲೂ ಹಾಗೇ, ಬಹಳ ಚುರುಕು," ಎಂದರು. ಅವರಿಗೆ ಎರಡು ದಿನ ನಾನು ಮಾಡಿದ ಸಾರನ್ನೇ ಬಡಿಸಿದೆ.

ಅಷ್ಟರಲ್ಲಿ ಜನವರಿ ತಿರುಗಿ ಬಂತು. ಹಲಸಿನ ಮರದ ಕಾಂಡದಲ್ಲಿ ಏಳು ಎಳೆಗಾಯಿ!

ಮರದ ವಯಸ್ಸು, ಆ ವರ್ಷದ ಬಿಸಿಲು, ನಾನು ಹಾಕಿಸಿದ ಗೊಬ್ಬರ, ಎಲ್ಲವನ್ನೂ ಸೇರಿಸಿ ಕಾರಣ ವಿವರಿಸಿದೆ. ಯಾರು ಕೇಳುತ್ತಾರೆ? "ಮಚ್ಚು ತೋರಿಸಿದ ಅಮ್ಮ ಯಾರು?" ಎಂದು ಮಳವಳ್ಳಿಯಿಂದ, ಶಿವನಸಮುದ್ರದಿಂದ ಜನ ಹುಡುಕಿಕೊಂಡು ಬಂದರು. ತಮ್ಮ ಮನೆಯ ಮಾವು, ಸೀಬೆ, ನಿಂಬೆ ಗಿಡಗಳ ಮೇಲೆ ದೂರು ಹೇಳಿದರು. ಜವಾಬ್ದಾರಿ ಹೊತ್ತ ಅಮ್ಮ ಯಾರು ಎಂದು ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ಕೇಳಬೇಡವೇ?

ಆ ತಿಂಗಳ ಕೊನೆಯಲ್ಲಿ ಮೇಲ್ವಿಚಾರಕಿ ನನ್ನನ್ನು ಆಫೀಸಿಗೆ ಕರೆದು ಕಾಫಿ ಕೊಟ್ಟಳು. ಕಾಫಿ ಕೊಟ್ಟಾಗಲೇ ನನಗೆ ಅನುಮಾನ ಬಂತು. "ಮೇಡಂ, ನಿಮ್ಮ ನಡಿಗೆ ಬುಧವಾರ ಇಟ್ಟುಕೊಳ್ಳೋಣವಾ? ನಿಜವಾದ ಆಸಕ್ತಿ ಇರೋರು ಬುಧವಾರವೂ ಬರ್ತಾರೆ. ಭಾನುವಾರ ಜನ ಜಾಸ್ತಿ, ಅಮ್ಮ ಇದ್ದರೆ..." ಎಂದು ನಿಲ್ಲಿಸಿ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಳು.

ಮೊದಲ ಬುಧವಾರ ಇಬ್ಬರು ಬಂದರು. ಒಬ್ಬರು ನಿಜವಾದ ಆಸಕ್ತರು. ಇನ್ನೊಬ್ಬರು ಶೌಚಾಲಯ ಎಲ್ಲಿ ಎಂದು ಕೇಳಲು ಬಂದವರು.

ಅದೂ ಹೋಗಲಿ. 'ಭಾನುವಾರ ಬೆಳಿಗ್ಗೆ ಅಕ್ಕನ ಜೊತೆ ನಡಿಗೆ' ಎಂದು ಪ್ರತಿ ಶನಿವಾರ ಆ ಹಲಗೆಯ ಮೇಲೆ ಬರೆಯಬೇಕಾದವರು ಯಾರು ಹೇಳಿ? ನಾನು! ನನ್ನ ಕೈಯಾರೆ, ನನ್ನ ದುಂಡು ಅಕ್ಷರದಲ್ಲಿ, ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ!

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಯುಗಾದಿಗೆ ಮುಂಚಿನ ಶನಿವಾರ. ಹೊಂಗೆ ಮರಗಳೆಲ್ಲ ಚಿಗುರಿ, ಎಣ್ಣೆ ಸವರಿದಂತೆ ಫಳಫಳ ಹೊಳೆಯುತ್ತಿದ್ದವು. ವರ್ಷದಲ್ಲಿ ಅತ್ಯಂತ ಚೆಂದದ ವಾರ. ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತೆ. ಆಮೇಲೆ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ನಾಳೆ ನಡಿಗೆ ಇಲ್ಲ. ಮರಗಳಿಗೆ ಔಷಧಿ ಹೊಡೀತಾರಂತೆ. ಯಾರನ್ನೂ ಒಳಗೆ ಬಿಡಲ್ಲ."

"ಅಂಗಾ? ಸರಿ ಬುಡಮ್ಮಿ. ಎಮ್ಮೆ ಮೈ ತೊಳ್ಯದಿತ್ತು," ಎಂದಳು. ಒಂದು ಪ್ರಶ್ನೆಯಿಲ್ಲ, ಒಂದು ಅನುಮಾನವಿಲ್ಲ. ಅಷ್ಟು ಸುಲಭವಾಗಿ ನಂಬಿದಳಲ್ಲ ಎಂದು ಅದಕ್ಕೂ ನನಗೆ ಸಿಟ್ಟು ಬಂತು.

ಭಾನುವಾರ ಹೊಸ ಸೀರೆ ಉಟ್ಟು ಹೋದೆ. ಐವತ್ತು ಜನ ಸೇರಿದ್ದರು. "ಅಕ್ಕ ಎಲ್ಲಿ?" ಎಂದರು.

"ಅವಳಿಗೆ ಹುಷಾರಿಲ್ಲ. ಇವತ್ತು ನಾನು..."

"ಅಯ್ಯೋ! ಏನಾಯಿತು?"

ಏನಾಯಿತು ಎಂದು ಯೋಚಿಸಿಕೊಂಡು ಬಂದಿರಲಿಲ್ಲ. "ಸೊಂಟ," ಎಂದೆ. ಬಾಯಿಗೆ ಬಂದದ್ದು ಅದೇ.

ಹೊಂಗೆಯ ಮರದಡಿ ನಿಂತು ಆರಂಭಿಸಿದೆ. ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಆಹಾ, ಚರ್ಚೆ ನಡೆಯುತ್ತಿದೆ, ಪ್ರಶ್ನೆ ಬರುತ್ತದೆ ಎಂದು ಹಿಗ್ಗಿದೆ. ಬಂತು. ಮದ್ದೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೈ ಎತ್ತಿದರು. "ಮೇಡಂ, ಇಲ್ಲಿಂದ ಹನಕೆರೆ ಎಷ್ಟು ದೂರ? ನಾವೆಲ್ಲ ಹೋಗಿ ಅಕ್ಕನ್ನ ನೋಡಿಕೊಂಡು ಬರೋಣ ಅಂತಿದೀವಿ."

ನಾನು ಏನೇನು ಹೇಳಲಿಲ್ಲ! ದೂರ ಎಂದೆ, ರಸ್ತೆ ಸರಿಯಿಲ್ಲ ಎಂದೆ, ಅವಳು ಮಲಗಿರುತ್ತಾಳೆ ಎಂದೆ. "ಮಲಗಿದಾಗಲೇ ಅಲ್ವಾ ನೋಡಬೇಕಾದ್ದು?" ಎಂದರು ಅವರ ಹೆಂಡತಿ. ಹತ್ತೇ ನಿಮಿಷದಲ್ಲಿ ಎರಡು ಟೆಂಪೋ, ಮೂರು ಕಾರು ಹೊರಟವು. ನಡುವೆ ನಿಲ್ಲಿಸಿ ಕಿತ್ತಳೆ, ಎಳನೀರು ತಗೊಂಡರು. ಯಾರೋ ಸೊಂಟನೋವಿನ ಎಣ್ಣೆ ತಂದರು. ನಾನು ಟೆಂಪೋದ ಕಿಟಕಿಗೆ ಮುಖ ಒತ್ತಿಕೊಂಡು ಅಕ್ಕನಿಗೆ ಫೋನು ಮಾಡಿದೆ, ಮತ್ತೆ ಮಾಡಿದೆ, ಏಳು ಸಲ ಮಾಡಿದೆ. ಎಮ್ಮೆಯ ಹತ್ತಿರ ಹೋಗುವಾಗ ಅವಳು ಫೋನನ್ನು ಕಿಟಕಿಯ ಮೇಲೆ ಇಟ್ಟುಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು.

ಮನೆಯ ಮುಂದೆ ಇಳಿದೆವು. ಅಂಗಳದಲ್ಲಿ ಅಕ್ಕ, ಸೀರೆ ಮಂಡಿಗೆ ಎತ್ತಿ ಕಟ್ಟಿ, ಎರಡು ಕೈಯಲ್ಲಿ ತುಂಬಿದ ಬಕೆಟ್ಟು ತಲೆಗಿಂತ ಮೇಲೆತ್ತಿ, ಎಮ್ಮೆಯ ಬೆನ್ನ ಮೇಲೆ ಸುರಿಯುತ್ತಿದ್ದಳು. ಸೊಂಟನೋವಿನವರು ಯಾರೂ ಆ ಭಂಗಿಯಲ್ಲಿ ಇರುವುದು ಸಾಧ್ಯವಿಲ್ಲ. ಐವತ್ತು ಜನ ಗಕ್ಕನೆ ನಿಂತರು. ಎಲ್ಲರ ತಲೆಯೂ ಮೆಲ್ಲಗೆ ನನ್ನ ಕಡೆ ತಿರುಗತೊಡಗಿತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನಾನು ನಿಜವಾಗಿಯೂ ಕಾಲಬುಡದ ನೆಲ ನೋಡಿದೆ.

ಅಕ್ಕ ಜನರನ್ನು ನೋಡಿದಳು. ಅವರ ಕೈಯಲ್ಲಿದ್ದ ಕಿತ್ತಳೆ, ಎಳನೀರು, ಎಣ್ಣೆಯ ಸೀಸೆ ನೋಡಿದಳು. ನನ್ನ ಹೊಸ ಸೀರೆ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು.

ಬಕೆಟ್ಟು ಧಡಾರನೆ ಕೆಳಗೆ ಬಿತ್ತು. "ಉಸ್ಸಪ್ಪಾ... ಸತ್ನಲ್ಲಪ್ಪೋ... ಸೊಂಟ!" ಎಂದು ಎಮ್ಮೆಯ ಕೊಂಬು ಹಿಡಿದು ಬಾಗಿದಳು. ಬ್ಯಾಂಕಿನವರ ಹೆಂಡತಿ ಓಡಿ ಹಿಡಿದುಕೊಂಡರು. "ನಮ್ ತಂಗಿ ಬಡ್ಕಂತು ಕಣವ್ವ, ಏಳ್ಬ್ಯಾಡ, ಮಲಗಿರು ಅಂತ. ನಾನೇ ಮಾತು ಕೇಳ್ನಿಲ್ಲ. ಎಮ್ಮೆ ಮುಖ ನೋಡಿ ತಡೀನಾರದೆ ಎದ್ದೆ. ನೋಡೀಗ!"

ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದರು. ಬಂದ ಹೆಂಗಸರೆಲ್ಲ ಸರದಿಯ ಮೇಲೆ ಎಣ್ಣೆ ತಿಕ್ಕಿದರು. ಒಂದು ಗಂಟೆಯ ಕಾಲ ಅಕ್ಕ ನರಳಿದಳು. ಎಡಕ್ಕೆ ಹೊರಳಿದರೆ ಒಂದು ಬಗೆ, ಬಲಕ್ಕೆ ಹೊರಳಿದರೆ ಇನ್ನೊಂದು ಬಗೆ. ನಡುನಡುವೆ ಎಳನೀರು ಕುಡಿಯುತ್ತ, "ತಂಗಿ ಪಾಠ ಅರ್ಧಕ್ಕೆ ಬುಟ್ಟು ಬಂದ್ರಾ? ಸಾನೆ ತಪ್ಪು ಮಾಡುದ್ರಿ," ಎಂದು ಅವರನ್ನೇ ಬೈದಳು. ಎಂಥ ನಟನೆ! ಅಂಥ ಹೊತ್ತಿನಲ್ಲೂ, ದೇವರಾಣೆ, ಇದರಲ್ಲೂ ಇವಳೇ ಮುಂದಲ್ಲ ಎಂದು ನನಗೆ ಒಂದು ಕ್ಷಣ ಹೊಟ್ಟೆ ಉರಿಯಿತು.

ಎಲ್ಲರೂ ಹೋದರು. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ಎದ್ದು ಕೂತು ಚಾಪೆ ಸುರುಳಿ ಸುತ್ತಿ ಗೋಡೆಗೆ ಒರಗಿಸಿದಳು. ನಾನು ಕಂಬದ ಪಕ್ಕ ನಿಂತೇ ಇದ್ದೆ. ಬೈಗುಳಕ್ಕೆ ಕಾಯುತ್ತಿದ್ದೆ. ಅವಳ ಬಾಯಿಗೆ ಊರೇ ಹೆದರುತ್ತದೆ.

"ಯಾಕಮ್ಮಿ ಅಂಗಂದೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಕೇಳಿದಳು.

ಬೇರೆ ಏನು ಹೇಳಲೂ ತೋಚಲಿಲ್ಲ. "ಹೊಟ್ಟೆಕಿಚ್ಚು, ಅಕ್ಕ."

"ಯಾರ ಮ್ಯಾಲೆ?"

"ನಿನ್ನ ಮೇಲೆ."

"ನನ್ ಮ್ಯಾಲಾ? ನಿಂಗಾ?" ಅವಳಿಗೆ ನಂಬಿಕೆಯೇ ಬರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಗಲು ಶುರುಮಾಡಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡಳು. ಒರೆಸಿಕೊಂಡ ಮೇಲೂ ನೀರು ಬರುತ್ತಲೇ ಇತ್ತು. ಆಗ ಅದು ನಗುವಲ್ಲ ಎಂದು ನನಗೆ ತಿಳಿಯಿತು.

"ನಂಗೆ ನಿನ್ ಮ್ಯಾಲೆ ಎಷ್ಟು ಒಟ್ಟೆ ಉರೀತಿತ್ತು ಗೊತ್ತಾ?" ಎಂದಳು. "ದಿನಾ ಬೆಳಗಾಗೆದ್ದು ನೀನು ತಲೆ ಬಾಚ್ಕಂಡು, ಕೊಡೆ ಇಡ್ಕಂಡು, ಬಸ್ಸಿಗೆ ಓಯ್ತಿದ್ದೆ. ನಾನು ಕೊಟ್ಟಿಗೆ ಬಾಗ್ಲಲ್ಲಿ ಸಗಣಿ ಕೈಲಿ ನಿಂತ್ಕಂಡು, ಬಸ್ಸು ತಿರುವು ದಾಟಗಂಟ ನೋಡ್ತಿದ್ದೆ. ಮರಗಿಡದಲ್ಲಿ ಅದೇನ್ ಏಳ್ಕೊಡ್ತಾಳೋ ಇವ್ಳು ಅಂತ ಅತ್ತೆ ಜೊತೆ ಆಡ್ಕಂಡು ನಗ್ತಿದ್ದೆ. ಒಳಗೊಳಗೇ ಮಾತ್ರ, ಒಂದ್ ದಿನ, ಒಂದೇ ದಿನ ಆ ರೂಮಲ್ಲಿ ಮೂಲೇಲಿ ಕೂತು ಕೇಳ್ಬೇಕು ಅನ್ಸದು. ನಾಕ್ನೇ ಕ್ಲಾಸಲ್ಲಿ ನಮ್ಮಪ್ಪ ಇಸ್ಕೂಲು ಬುಡುಸ್ದಾಗ ಮೂರು ದಿನ ಅನ್ನ ತಿಂದಿರ್ಲಿಲ್ಲ ನಾನು. ನೀನು ತೋಟಕ್ಕೆ ಬಾ ಅಂದಾಗ ನೀನೇಳೋ ಪಾಠ ಕೇಳಕ್ಕೇಂತ್ಲೇ ಬಂದೆ. ಎಲ್ ಕೇಳ್ದೆ? ನಂದೇ ಬಾಯಿ ಜಾಸ್ತಿ ಆಗೋಯ್ತು."

ಎಷ್ಟು ವರ್ಷ ಆ ಬಸ್ಸು ಹತ್ತಿದ್ದೇನೆ! ಒಂದು ದಿನವೂ ಹಿಂತಿರುಗಿ ನೋಡಿರಲಿಲ್ಲ.

"ಈಗ ಏಳು," ಎಂದಳು ಅಕ್ಕ. "ಈಗ ಮಾಡು ಪಾಠ. ಜನ ಇಲ್ಲ, ನಾನು ಬಾಯಿ ಬುಡಲ್ಲ."

ಅವಳು ಬಚ್ಚಲಿಗೆ ಹೋಗಿ ಕೈಕಾಲು ಮುಖ ತೊಳೆದು ಬಂದಳು. ಒದ್ದೆ ಸೀರೆ ಬದಲಾಯಿಸಿದಳು. ತಲೆ ಬಾಚಿಕೊಂಡಳು. ನಾನು ಹಿತ್ತಲಿಗೆ ಹೋಗಿ ನುಗ್ಗೆಯ ಒಂದು ಕಡ್ಡಿ ಎಲೆ ಮುರಿದು ತಂದೆ. ಅವಳು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಳು. ನಾನು ಅಂಗಳದಲ್ಲಿ ನಿಂತು ಬಾಯಿ ತೆರೆದೆ.

"ತಡಿ, ತಡಿ. ಪಾಠಕ್ ಮುಂಚೆ ಇನ್ನೇನೋ ಮಾಡ್ತಾರಲ್ಲ? ಎಸ್ರು ಕೂಗದು?"

"ಹಾಜರಿ."

"ಅದ ಮಾಡು ಮೊದ್ಲು."

ಮೂವತ್ತೈದು ವರ್ಷದಿಂದ ಅವಳು ನನಗೆ ಅಕ್ಕ. ನನ್ನ ಗಂಡನಿಗೆ ಅತ್ತಿಗೆ, ಅತ್ತೆ ಮಾವನಿಗೆ ದೊಡ್ಡವಳು, ಭಾವನಿಗೆ 'ಏ ಇವ್ಳೇ'. ಆ ಮನೆಯಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಾನು ಅವಳ ಹೆಸರನ್ನು, ಮುಂದೆ ಅವರಪ್ಪನ ಹೆಸರಿನ ಅಕ್ಷರ ಸೇರಿಸಿ, ಕ್ಲಾಸಿನಲ್ಲಿ ಕೂಗುವಂತೆ ಗಟ್ಟಿಯಾಗಿ ಕೂಗಿದೆ.

ಅವಳು ಬೆಚ್ಚಿದಳು. ತುಂಬ ದೂರದಿಂದ ಯಾರೋ ಕರೆದ ಹಾಗೆ ಅತ್ತಿತ್ತ ನೋಡಿ, ಎದ್ದು ಜಗಲಿಯಿಂದಿಳಿದು ನಿಂತು, ಬಲಗೈ ಮೇಲೆತ್ತಿದಳು.

"ಇವ್ನಿ ಕಣಮ್ಮಿ," ಎಂದಳು.